ಎಲೆ ಬಣ್ಣಗೆಡುವ ಮೊದಲೇ

1948ರ ಫೆಬ್ರುವರಿ 28ರಂದು ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಮಾಜಿ ಸೈನಿಕರ ಮೆರವಣಿಗೆಯ ಮೇಲೆ ಗುಂಡು ಹಾರಿತು. ರಾಜಧಾನಿ ಅಕ್ರಾದ ಬೀದಿಯಲ್ಲಿ ಮೂವರು ಸತ್ತರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಪರವಾಗಿ ಹೋರಾಡಿ ಬಂದಿದ್ದ ಅವರು ತಮಗೆ ಸಲ್ಲಬೇಕಾದುದನ್ನು ಕೇಳಲು ಹೊರಟಿದ್ದರು. ಅಂದು ಹೊತ್ತಿಕೊಂಡ ಗಲಭೆ ಬೇರೆ ಊರುಗಳಿಗೂ ಹಬ್ಬಿತು. ಕಾರಣ ತಿಳಿಯಲು ನೇಮಕವಾದ ವಾಟ್ಸನ್ ಆಯೋಗವು ಬೆಲೆಯೇರಿಕೆ, ರಾಜಕೀಯ ಅಸಮಾಧಾನಗಳ ಜೊತೆಗೆ ಇನ್ನೊಂದು ಸಂಗತಿಯನ್ನೂ ಎತ್ತಿ ಹೇಳಿತು. ಸರ್ಕಾರ ರೈತರ ಕೊಕೊ ಮರಗಳನ್ನು ಬಲವಂತದಿಂದ ಕಡಿಸುತ್ತಿತ್ತು, ಜನ ಅದರಿಂದ ಕುದಿಯುತ್ತಿದ್ದರು.

ಮರ ಕಡಿಸಲು ಕಾರಣ ಒಂದು ವೈರಸ್. ಕೊಕೊ ಮರದ ಚಿಗುರು ಊದಿಕೊಂಡು, ಎಲೆ ಬಣ್ಣಗೆಟ್ಟು, ಕೆಲವೇ ವರ್ಷಗಳಲ್ಲಿ ಮರವೇ ಒಣಗುವ ರೋಗವೊಂದು 1936ರಲ್ಲಿ ಅಲ್ಲಿ ವರದಿಯಾಗಿತ್ತು. ಏಡ್ರಿಯನ್ ಪಾಸ್ನೆಟ್ ಎಂಬ ತರುಣ ಬ್ರಿಟಿಷ್ ವಿಜ್ಞಾನಿ ರೋಗದ ಮರದ ಕಡ್ಡಿಯನ್ನು ಆರೋಗ್ಯವಂತ ಸಸಿಗೆ ಕಸಿ ಕಟ್ಟಿ, ಇದು ವೈರಸ್ಸೇ ಎಂದು 1940ರಲ್ಲಿ ತೋರಿಸಿದರು. ಮರದಿಂದ ಮರಕ್ಕೆ ಅದನ್ನು ಒಯ್ಯುತ್ತಿದ್ದುದು ಹಿಟ್ಟು ತಿಗಣೆ. ಮದ್ದಿರಲಿಲ್ಲ. ಉಳಿದ ದಾರಿ ರೋಗದ ಮರವನ್ನು ಕಡಿದು ಹಾಕುವುದು ಮಾತ್ರ. ಆದರೆ ಸೋಂಕು ತಗುಲಿದ ಮರ ತಿಂಗಳುಗಟ್ಟಲೆ ಯಾವ ಲಕ್ಷಣವನ್ನೂ ತೋರಿಸದೆ ಹಸಿರಾಗಿಯೇ ನಿಲ್ಲಬಲ್ಲದು. ಹೀಗಾಗಿ ಕಡಿದ ಮರದ ಪಕ್ಕದಲ್ಲೇ ಮತ್ತೆ ರೋಗ ಏಳುತ್ತಿತ್ತು, ಕಡಿಯುವ ತಂಡ ಮತ್ತೆ ಬರುತ್ತಿತ್ತು. ನಂತರದ ವರ್ಷಗಳಲ್ಲಿ ಅಕ್ಕಪಕ್ಕದ ಮರಗಳನ್ನೂ ಸೇರಿಸಿ ಕಡಿಯುವುದು ವಾಡಿಕೆಯಾಯಿತು. ಇನ್ನೂ ಕಾಯಿ ಬಿಡುತ್ತಿರುವ ಮರಕ್ಕೆ ಕೊಡಲಿ ಬೀಳುವುದನ್ನು ರೈತ ಹೇಗೆ ಒಪ್ಪಿಯಾನು? ಅವನ ಎದುರಿಗೆ ನಿಂತು, ಈ ಮರದೊಳಗೆ ವೈರಸ್ ಇದೆ, ಇದೋ ನೋಡು ಎಂದು ತೋರಿಸಬಲ್ಲ ಪರೀಕ್ಷೆ ಯಾರ ಕೈಯಲ್ಲೂ ಇರಲಿಲ್ಲ.

ಕಡಿದದ್ದು ಸರಿಯೇ ಎಂಬ ಬಗ್ಗೆ ಇಂದಿಗೂ ಎರಡು ಮಾತಿದೆ. ಗಲಭೆಯ ನಂತರ ಕರೆಸಿದ ಹೊರಗಿನ ವಿಜ್ಞಾನಿಗಳು ಬೇರೆ ದಾರಿಯಿಲ್ಲ ಎಂದೇ ವರದಿ ಕೊಟ್ಟರು. ವಿಜ್ಞಾನ ಸರಿಯಿತ್ತು, ಅದನ್ನು ಜಾರಿಗೆ ತಂದ ವಸಾಹತು ಆಡಳಿತದ ರೀತಿ ತಪ್ಪಿತ್ತು ಎನ್ನುವ ಇತಿಹಾಸಕಾರರಿದ್ದಾರೆ. ಕಡಿಯುವ ವೇಗಕ್ಕಿಂತ ಸೋಂಕಿನ ವೇಗವೇ ಹೆಚ್ಚಾಗಿದ್ದರಿಂದ ಆ ಕಾರ್ಯಕ್ರಮ ಮೊದಲಿನಿಂದಲೂ ಸೋಲುವಂಥದ್ದೇ ಎನ್ನುವವರೂ ಇದ್ದಾರೆ. ಘಾನಾದಲ್ಲಿ ಈವರೆಗೆ ಕಡಿದ ಮರಗಳ ಸಂಖ್ಯೆ ಸುಮಾರು 20 ಕೋಟಿ. ರೋಗ ಇನ್ನೂ ಹೋಗಿಲ್ಲ.

ಬೆಳೆಗೆ ತಗುಲಿದ ವೈರಸ್ಸನ್ನು ಹೊಲದಲ್ಲಿ ಸಿಂಪಡಿಸಿ ಕೊಲ್ಲುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಮುಂಚಿತವಾಗಿ ತಿಳಿಯುವುದು, ಶುದ್ಧವಾದ ಬೀಜ, ಗೆಡ್ಡೆ, ಸಸಿಗಳನ್ನೇ ನೆಡುವುದು, ರೋಗ ತಡೆಯುವ ತಳಿಯನ್ನು ಹುಡುಕುವುದು, ರೈತನಿಗಿರುವ ರಕ್ಷೆ ಇಷ್ಟೇ. ಮೂರಕ್ಕೂ ಬೇಕಾದದ್ದು ಸೋಂಕನ್ನು ಗುರುತಿಸುವ ಪರೀಕ್ಷೆ. ಸೋಂಕು ತಗುಲುವುದಕ್ಕೂ ಅದು ಕಣ್ಣಿಗೆ ಕಾಣುವುದಕ್ಕೂ ನಡುವಿನ ಅವಧಿಯಲ್ಲೇ ರೋಗ ಊರೆಲ್ಲ ಹಬ್ಬುತ್ತದೆ. ಆ ಅವಧಿಯನ್ನು ಕಿರಿದು ಮಾಡಲು ನಡೆದ ಹೋರಾಟವೇ ಸಸ್ಯ ವೈರಸ್ ಪತ್ತೆಯ ಚರಿತ್ರೆ.

ಆ ಚರಿತ್ರೆ ಆರಂಭವಾದದ್ದು ಹಾಲೆಂಡಿನ ತಂಬಾಕಿನ ಹೊಲಗಳಲ್ಲಿ. ವಾಗನಿಂಗನ್ ಊರಿನ ಕೃಷಿ ಪ್ರಯೋಗ ಕೇಂದ್ರದಲ್ಲಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಅಡಾಲ್ಫ್ ಮೇಯರ್ ಅವರಿಗೆ ರೈತರು ತಿಳಿ ಹಸಿರು, ಕಡು ಹಸಿರು ಮಚ್ಚೆಗಳಾದ ಎಲೆಗಳನ್ನು ತಂದು ತೋರಿಸುತ್ತಿದ್ದರು. ಮೇಯರ್ ರೋಗದ ಎಲೆಯನ್ನು ಅರೆದು, ರಸವನ್ನು ಸೂಜಿಯಂಥ ಗಾಜಿನ ನಳಿಕೆಯಿಂದ ಒಳ್ಳೆಯ ಗಿಡದ ಎಲೆಯ ನರಕ್ಕೆ ಸೇರಿಸಿದರು. ಹತ್ತರಲ್ಲಿ ಒಂಬತ್ತು ಗಿಡಗಳು ರೋಗಕ್ಕೆ ತುತ್ತಾದವು. ಈ ವಿಷಯ ಪ್ರಕಟವಾದದ್ದು 1886ರಲ್ಲಿ. ಮೇಯರ್ ಅದನ್ನು ಬ್ಯಾಕ್ಟೀರಿಯ ಎಂದೇ ನಂಬಿದ್ದರು. ಆದರೆ ಒಂದು ಗಿಡದ ರಸವನ್ನು ಇನ್ನೊಂದಕ್ಕೆ ಸೇರಿಸಿ ಕಾಯುವ ಅವರ ಕ್ರಮ ಮುಂದೆ ಹಲವು ದಶಕಗಳ ಕಾಲ ವೈರಸ್ ಪತ್ತೆಯ ಮುಖ್ಯ ಮಾರ್ಗವಾಯಿತು. 1892ರಲ್ಲಿ ರಷ್ಯಾದ ದಿಮಿತ್ರಿ ಇವಾನೋವ್‌ಸ್ಕಿ, ಬ್ಯಾಕ್ಟೀರಿಯ ನುಸುಳಲಾಗದ ಪಿಂಗಾಣಿ ಸೋಸುಕದಿಂದ ಹೊರಬಂದ ರಸವೂ ಸೋಂಕು ಹರಡುತ್ತದೆ ಎಂದು ಕಂಡರು. 1898ರಲ್ಲಿ ಡೆಲ್ಫ್ಟ್‌ನ ಮಾರ್ಟಿನಸ್ ಬೈಯರಿಂಕ್ ಇದು ಬೇರೆಯೇ ಬಗೆಯ ರೋಗಕಾರಕ ಎಂದು ಸಾರಿದರು. ವೈರಸ್ ಕಂಡುಹಿಡಿದವರು ಯಾರು ಎಂಬ ವಾದದಲ್ಲಿ ರಷ್ಯನ್ನರು ಇವಾನೋವ್‌ಸ್ಕಿಯ ಕಡೆ, ಡಚ್ಚರು ಬೈಯರಿಂಕ್ ಕಡೆ. ಮೊದಲು ಕಂಡವರು ಒಬ್ಬರು, ಕಂಡದ್ದರ ಅರ್ಥ ತಿಳಿದವರು ಇನ್ನೊಬ್ಬರು ಎಂಬಲ್ಲಿಗೆ ಬಹುತೇಕ ವಿದ್ವಾಂಸರು ಅದನ್ನು ನಿಲ್ಲಿಸಿದ್ದಾರೆ.

ಮುಂದಿನ ತಿರುವು ಬಂದದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿದ್ದ ಬಾಯ್ಸ್ ಥಾಂಪ್ಸನ್ ಸಂಸ್ಥೆಯಲ್ಲಿ 1929ರ ಸುಮಾರಿಗೆ ಎರಡು ಬೇರೆ ಬೇರೆ ದಾರಿಗಳು ಒಂದೇ ಸೂರಿನಡಿ ತೆರೆದುಕೊಂಡವು. ಫ್ರಾನ್ಸಿಸ್ ಹೋಮ್ಸ್ ತಂಬಾಕಿನ ಕಾಡು ಬಂಧುವೊಂದರ ಎಲೆಯ ಮೇಲೆ ರೋಗದ ರಸ ಸವರಿದಾಗ ಕೆಲವೇ ದಿನಗಳಲ್ಲಿ ಪುಟ್ಟ ಪುಟ್ಟ ಒಣ ಚುಕ್ಕಿಗಳು ಮೂಡಿದವು. ರಸದಲ್ಲಿ ವೈರಸ್ ಹೆಚ್ಚಿದ್ದಷ್ಟೂ ಚುಕ್ಕಿ ಹೆಚ್ಚು. ಅಂದರೆ ಗಿಡವೇ ಅಳತೆಗೋಲಾಯಿತು. ಇಂಥ ಸೂಚಕ ಸಸ್ಯಗಳು ಜಗತ್ತಿನ ಎಲ್ಲ ಸಸ್ಯರೋಗ ಪ್ರಯೋಗಾಲಯಗಳ ಗಾಜಿನ ಮನೆಗಳನ್ನು ತುಂಬಿದವು. ಅದೇ ಸಂಸ್ಥೆಯ ಹೆಲೆನ್ ಪರ್ಡಿ ಗಿಡವನ್ನು ಬಿಟ್ಟು ಮೊಲವನ್ನು ನಂಬಿದರು. ರೋಗದ ತಂಬಾಕಿನ ರಸವನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ವೈರಸ್ಸಿಗೆ ಎದುರಾಗಿ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತಸಾರವನ್ನು ಶಂಕೆಯಿರುವ ಗಿಡದ ರಸದೊಂದಿಗೆ ಬೆರೆಸಿದಾಗ, ವೈರಸ್ ಇದ್ದರೆ ಎರಡೂ ಗುಪ್ಪೆಗಟ್ಟಿ ತಳ ಸೇರುತ್ತವೆ. ವಾರಗಳ ಕಾಯುವಿಕೆ ಗಂಟೆಗಳಿಗೆ ಇಳಿಯಿತು.

ಆದರೂ ಪರ್ಡಿ ತೆರೆದ ದಾರಿ ಬಹುದೂರ ಸಾಗಲಿಲ್ಲ. ಗುಪ್ಪೆಗಟ್ಟುವುದು ಕಣ್ಣಿಗೆ ಕಾಣಬೇಕಾದರೆ ರಸದಲ್ಲಿ ವೈರಸ್ ಹೇರಳವಾಗಿರಬೇಕು. ತಂಬಾಕು, ಆಲೂಗಡ್ಡೆಯ ಕೆಲವು ವೈರಸ್‌ಗಳಿಗೆ ಅದು ಒಗ್ಗಿತು. ಹಾಲೆಂಡಿನ ಬಿತ್ತನೆ ಆಲೂಗಡ್ಡೆ, ಹೂಗೆಡ್ಡೆಗಳ ತಪಾಸಣೆಯಲ್ಲಿ ನೆಲೆ ನಿಂತಿತು. ಹಣ್ಣಿನ ಮರಗಳಲ್ಲಿ ಮಾತ್ರ ವೈರಸ್ ಅತಿ ವಿರಳ, ರಸವೋ ಒಗರು, ಅಂಟು. ಅಲ್ಲಿ ಉಳಿದಿದ್ದುದು ಕಸಿಯೊಂದೇ. ಶಂಕೆಯ ಮರದ ಮೊಗ್ಗನ್ನು ಸೂಚಕ ಮರಕ್ಕೆ ಕಟ್ಟಿ, ಚಿಗುರು ಬರಲಿ, ಎಲೆ ಬಿಡಲಿ, ಕೆಲವೊಮ್ಮೆ ಹಣ್ಣೂ ಬಿಡಲಿ ಎಂದು ಒಂದೆರಡು ಹಂಗಾಮು ಕಾಯಬೇಕಿತ್ತು. ಫಲಿತಾಂಶ ಬರುವ ಹೊತ್ತಿಗೆ ಆ ಮರದಿಂದ ಕಸಿ ಮಾಡಿದ ಸಸಿಗಳು ಮಾರಾಟವಾಗಿ ತೋಟಗಳನ್ನು ಸೇರಿರುತ್ತಿದ್ದವು.

ಇದರ ಬಿಸಿ ಯುರೋಪಿಗೆ ತಟ್ಟಿದ್ದು ಶಾರ್ಕಾ ರೋಗದಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಬಲ್ಗೇರಿಯದ ಪ್ಲಮ್ ತೋಟಗಳಲ್ಲಿ ರೈತರು ಕಂಡಿದ್ದ ಈ ರೋಗದಲ್ಲಿ ಹಣ್ಣಿನ ಮೇಲೆ ಉಂಗುರ, ಗುಳಿಗಳು ಬೀಳುತ್ತವೆ, ಮಾಗುವ ಮೊದಲೇ ಹಣ್ಣು ಉದುರುತ್ತದೆ. ಗಿಡಹೇನು ಅದನ್ನು ತೋಟದಿಂದ ತೋಟಕ್ಕೆ ಒಯ್ದರೆ, ಕಸಿ ಕಡ್ಡಿಗಳ ವ್ಯಾಪಾರ ದೇಶದಿಂದ ದೇಶಕ್ಕೆ ಒಯ್ದಿತು. 1965ರಲ್ಲಿ ಅದು ಇಂಗ್ಲೆಂಡಿಗೂ ಕಾಲಿಟ್ಟಿತು. ಅಲ್ಲಿ ಇದನ್ನು ಎದುರಿಸಬೇಕಾದವರಲ್ಲಿ ಮುಂದಿದ್ದುದು ಕೆಂಟ್ ಪ್ರಾಂತದ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ. 1972ರಲ್ಲಿ ಅದರ ನಿರ್ದೇಶಕರಾದವರು ಬೇರಾರೂ ಅಲ್ಲ, ಗೋಲ್ಡ್ ಕೋಸ್ಟ್‌ನಿಂದ ಮರಳಿ ಬಂದು ಹಣ್ಣಿನ ಮರಗಳ ವೈರಸ್‌ಗಳಲ್ಲಿ ತೊಡಗಿದ್ದ ಅದೇ ಪಾಸ್ನೆಟ್. ಲಕ್ಷಣ ಕಾಣುವವರೆಗೆ ಕಾಯುವುದರ ಬೆಲೆ ಏನೆಂದು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ.

ಬಿಡುಗಡೆಯ ದಾರಿ ಬಂದದ್ದು ಗಿಡಗಳಿಗೆ ಸಂಬಂಧವೇ ಇಲ್ಲದ ಕಡೆಯಿಂದ. 1971ರಲ್ಲಿ ಸ್ಟಾಕ್‌ಹೋಮ್‌ನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಪ್ರತಿಕಾಯಕ್ಕೆ ಕಿಣ್ವವೊಂದನ್ನು ಜೋಡಿಸಿ ಅದು ಮೂಡಿಸುವ ಬಣ್ಣದ ಮೂಲಕ ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ವಿಧಾನ ಪ್ರಕಟಿಸಿದರು. ಅದೇ ವರ್ಷ ಹಾಲೆಂಡಿನ ಓಸ್ ಪಟ್ಟಣದಲ್ಲಿ ಬಾವ್ಕೆ ವಾನ್ ವೇಮನ್ ಮತ್ತು ಆಂಟನ್ ಸ್ಖೂರ್ಸ್ ಸ್ವತಂತ್ರವಾಗಿ ಅದೇ ತತ್ತ್ವವನ್ನು ತಲುಪಿದ್ದರು. ಮೊದಲಿಗರು ಯಾರೆಂಬ ಚರ್ಚೆಗೆ ಎರಡೂ ತಂಡಗಳನ್ನು ಒಟ್ಟಿಗೆ ನೆನೆಯುವುದೇ ಉತ್ತರವಾಗಿದೆ. ಅಲ್ಲಿಯವರೆಗೆ ಇಂಥ ಸೂಕ್ಷ್ಮ ಅಳತೆಗೆ ವಿಕಿರಣಶೀಲ ವಸ್ತುಗಳು ಬೇಕಾಗಿದ್ದವು. ಈಗ ಬಣ್ಣ ಸಾಕು. ಲಂಡನ್ ಪ್ರಾಣಿಶಾಸ್ತ್ರ ಸಂಘದ ಪ್ರಯೋಗಾಲಯದಲ್ಲಿದ್ದ ಅಲಿಸ್ಟರ್ ವಾಲರ್ ಮಲೇರಿಯಾ ಪರೀಕ್ಷೆಗಾಗಿ, ಎಲೈಸಾ ಎಂದು ಹೆಸರಾದ ಈ ವಿಧಾನವನ್ನು ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಇಳಿಸಿದರು. ಒಂದೇ ತಟ್ಟೆಯಲ್ಲಿ 96 ಗುಳಿಗಳು.

ಈಸ್ಟ್ ಮಾಲಿಂಗ್‌ನ ಕ್ಲಾರ್ಕ್ ಮತ್ತು ಆಡಮ್ಸ್ ಆ ತಟ್ಟೆಗೆ ಎಲೆಯ ರಸವನ್ನು ಹಾಕಿ ನೋಡಿದರು. ವಾಲರ್ ತಂಡದೊಂದಿಗೆ ಸೇರಿ 1976ರಲ್ಲಿ, ಮತ್ತೆ ತಾವಿಬ್ಬರೇ 1977ರಲ್ಲಿ ಅವರು ಬರೆದ ಲೇಖನಗಳು ಸಸ್ಯ ವೈರಸ್ ಪತ್ತೆಯ ದಿಕ್ಕನ್ನೇ ಬದಲಿಸಿದವು. ವಿಧಾನ ಹೀಗೆ: ಗುಳಿಯ ಒಳಗೋಡೆಗೆ ವೈರಸ್ಸಿನ ಪ್ರತಿಕಾಯವನ್ನು ಲೇಪಿಸಿ ತೊಳೆಯುತ್ತಾರೆ. ಎಲೆಯನ್ನು ಲವಣ ದ್ರಾವಣದಲ್ಲಿ ಅರೆದು ಆ ರಸವನ್ನು ಗುಳಿಗೆ ಹಾಕಿ ರಾತ್ರಿಯಿಡೀ ತಂಪಿನಲ್ಲಿಡುತ್ತಾರೆ. ಬೆಳಿಗ್ಗೆ ತಟ್ಟೆಯನ್ನು ಕವುಚಿ, ಕೊಡವಿ, ಮತ್ತೆ ಮತ್ತೆ ತೊಳೆಯುತ್ತಾರೆ. ಹಸಿರೆಲ್ಲ ಹೋಗುತ್ತದೆ, ಪ್ರತಿಕಾಯ ಹಿಡಿದುಕೊಂಡ ವೈರಸ್ ಮಾತ್ರ ಉಳಿಯುತ್ತದೆ. ಅದರ ಮೇಲೆ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯವನ್ನು ಬಿಡುತ್ತಾರೆ. ಎರಡು ಅಂಗೈಗಳ ನಡುವೆ ಸಿಕ್ಕ ಕಾಳಿನಂತೆ ವೈರಸ್ ನಡುವೆ ಸಿಕ್ಕಿಬೀಳುತ್ತದೆ. ಕೊನೆಗೆ ಬಣ್ಣವಿಲ್ಲದ ದ್ರಾವಣ ಸುರಿದರೆ, ವೈರಸ್ ಇದ್ದ ಗುಳಿಯಲ್ಲಿ ನೋಡನೋಡುತ್ತ ಹಳದಿ ಏರುತ್ತದೆ, ಇಲ್ಲದ ಗುಳಿ ತಿಳಿಯಾಗಿಯೇ ಉಳಿಯುತ್ತದೆ. ಒಂದು ಮಿಲಿಲೀಟರಿನಲ್ಲಿ 1ರಿಂದ 10 ನ್ಯಾನೊಗ್ರಾಂ ವೈರಸ್ ಇದ್ದರೂ ಸಾಕು, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು. ಹಂಗಾಮುಗಟ್ಟಲೆ ಕಾಯಿಸುತ್ತಿದ್ದ ಪ್ಲಮ್ ಮರ ಎರಡು ದಿನದಲ್ಲಿ ಉತ್ತರ ಕೊಟ್ಟಿತು.

ಇದರ ಪರಿಣಾಮ ವೇಗವೊಂದೇ ಅಲ್ಲ. ಒಬ್ಬರೇ ಕೂತು ದಿನಕ್ಕೆ ನೂರಾರು ಮಾದರಿ ನೋಡಬಹುದಾದ್ದರಿಂದ, ಒಂದು ಗಿಡಕ್ಕೆ ರೋಗವಿದೆಯೇ ಎಂಬ ಪ್ರಶ್ನೆ ಹೋಗಿ ಇಡೀ ದೇಶದ ಬಿತ್ತನೆ ಶುದ್ಧವಿದೆಯೇ ಎಂಬ ಪ್ರಶ್ನೆ ಕೇಳುವುದು ಸಾಧ್ಯವಾಯಿತು. 1980ರ ದಶಕದಲ್ಲಿ ಯುರೋಪಿನ ಬಿತ್ತನೆ ಆಲೂಗಡ್ಡೆಯ ಪ್ರಮಾಣೀಕರಣ ಎಲೈಸಾದ ಮೇಲೆ ನಿಂತಿತು. ಭಾರತದಲ್ಲೂ ಬಿತ್ತನೆ ಆಲೂಗಡ್ಡೆಯ ಮೂಲ ಗೆಡ್ಡೆಗಳು ಇದೇ ಪರೀಕ್ಷೆ ದಾಟಿ ಬರತೊಡಗಿದವು. ಜಲಂಧರ್‌ನಿಂದ ಬರುವ ಗೆಡ್ಡೆಯನ್ನು ನಂಬಿ ಮುಂಗಾರಿಗೆ ನೆಲ ಹದ ಮಾಡುವ ಹಾಸನದ ರೈತನ ಬದುಕು ಈ ಸರಪಳಿಯ ಇನ್ನೊಂದು ತುದಿ.

ನಮ್ಮ ಕಡೆಯ ನಿಜವಾದ ಸಮಸ್ಯೆ ಬೆಲೆಯದಾಗಿತ್ತು. ಎಲೈಸಾದ ಕಿಣ್ವಗಳು ಹೊರದೇಶದಿಂದ ಬರಬೇಕು, ಬಣ್ಣ ಅಳೆಯುವ ಯಂತ್ರ ದುಬಾರಿ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ನೆಲಗಡಲೆಯ ವೈರಸ್‌ಗಳನ್ನು ಬೆನ್ನಟ್ಟಿದ್ದ ಡಿ.ವಿ.ಆರ್. ರೆಡ್ಡಿ ಮತ್ತು ಎಂ.ಆರ್. ಸುದರ್ಶನ 1989ರಲ್ಲಿ ಇದಕ್ಕೊಂದು ದಾರಿ ಕಂಡರು. ಭಾರತದಲ್ಲೇ ಅಗ್ಗವಾಗಿ ಸಿಗುವ ಪೆನಿಸಿಲಿನೇಸ್ ಎಂಬ ಕಿಣ್ವವನ್ನು ಪ್ರತಿಕಾಯಕ್ಕೆ ಜೋಡಿಸಿದರು. ಅದು ಪೆನಿಸಿಲಿನ್ನನ್ನು ಆಮ್ಲವಾಗಿಸುತ್ತದೆ, ಆಮ್ಲ ತಗುಲಿದ ನೀಲಿ ದ್ರಾವಣ ಹಳದಿಗೆ ತಿರುಗುತ್ತದೆ. ಯಂತ್ರ ಬೇಡ, ಕಣ್ಣೇ ಸಾಕು. ಬಡ ದೇಶಗಳ ಪ್ರಯೋಗಾಲಯಗಳಿಗೆ ಇದು ಮೇಯರ್ ಅವರ ನಳಿಕೆಯಷ್ಟೇ ದೊಡ್ಡ ಕೊಡುಗೆ ಎಂಬುದು ನನ್ನ ಗಟ್ಟಿ ನಂಬಿಕೆ.

ತೊಗರಿಯ ಗೊಡ್ಡು ರೋಗದ ಕಥೆಯೂ ಇದೇ ಸಂಸ್ಥೆಯೊಂದಿಗೆ ಹೆಣೆದುಕೊಂಡಿದೆ. ಕಲಬುರಗಿಯ ರೈತನಿಗೆ ಅದನ್ನು ವಿವರಿಸಬೇಕಿಲ್ಲ. ಗಿಡ ಹಚ್ಚಗೆ ಪೊದೆಯಾಗಿ ಬೆಳೆಯುತ್ತದೆ, ಹೂವಿಲ್ಲ, ಕಾಯಿಲ್ಲ. 1931ರಲ್ಲಿ ಬಿಹಾರದ ಪೂಸಾದಿಂದ ವರದಿಯಾದ ಈ ರೋಗವನ್ನು ಬರಿಗಣ್ಣಿಗೆ ಕಾಣದ ನುಸಿ ಹರಡುತ್ತದೆ ಎಂದು 1960ರ ದಶಕದಲ್ಲಿ ತಿಳಿಯಿತು. ರೋಗಕಾರಕ ಮಾತ್ರ ಸುಮಾರು 70 ವರ್ಷ ಕೈಗೆ ಸಿಗಲಿಲ್ಲ. ಇಕ್ರಿಸ್ಯಾಟ್‌ನ ಪಿ. ಲವ ಕುಮಾರ್, ರೆಡ್ಡಿ ಹಾಗೂ ಸ್ಕಾಟ್ಲೆಂಡಿನ ಟೀಫಿಯಾನ್ ಜೋನ್ಸ್ ಅದು ಹೊಸ ಬಗೆಯ ವೈರಸ್ ಎಂಬುದನ್ನು ಈ ಶತಮಾನದ ಆರಂಭದಲ್ಲಿ ತೋರಿಸಿ, ಅದಕ್ಕೆ ಪ್ರತಿಕಾಯ ತಯಾರಿಸಿದರು. ಆಗ ತಳಿ ಪರೀಕ್ಷೆ ಸ್ಪಷ್ಟವಾಯಿತು. ಪಟಾನ್‌ಚೆರು, ಬೆಂಗಳೂರು, ಕೊಯಮತ್ತೂರಿನ ಮೂರು ವೈರಸ್ ಮಾದರಿಗಳ ಎದುರು ತೊಗರಿಯ ಕಾಡು ಬಂಧುಗಳನ್ನು ಒಡ್ಡಿ, ಮೂರನ್ನೂ ತಡೆಯುವವನ್ನು ಆರಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಈ ಕೆಲಸದಲ್ಲಿದ್ದರು. ಟೊಮೆಟೊ ಎಲೆ ಮುಟುರು ರೋಗದ ವೈರಸ್ಸನ್ನು ಸ್ಕಾಟ್ಲೆಂಡಿನವರ ಜೊತೆಗೂಡಿ ಶುದ್ಧೀಕರಿಸಿ, ಅದರ ಗುಣಗಳನ್ನು 1991ರಲ್ಲಿ ಪ್ರಕಟಿಸಿದವರಲ್ಲೂ ಅವರೊಬ್ಬರು.

ಎಲೈಸಾಗೂ ಮಿತಿಯಿತ್ತು. ಅದು ಗುರುತಿಸುವುದು ವೈರಸ್ಸಿನ ಪ್ರೋಟೀನ್ ಕವಚವನ್ನು. 1971ರಲ್ಲೇ ಅಮೆರಿಕದ ಥಿಯೋಡರ್ ಡೀನರ್, ಕವಚವೇ ಇಲ್ಲದೆ ಬರೀ ಆರ್‌ಎನ್‌ಎ ತುಣುಕಾಗಿ ಆಲೂಗಡ್ಡೆಯನ್ನು ಕೆಡಿಸುವ ವೈರಾಯ್ಡ್ ಎಂಬುದನ್ನು ಕಂಡುಹಿಡಿದಿದ್ದರು. ಪ್ರೋಟೀನ್ ಇಲ್ಲದಲ್ಲಿ ಪ್ರತಿಕಾಯಕ್ಕೆ ಹಿಡಿಯಲು ಏನಿದೆ? 1981ರಲ್ಲಿ ರಾಬರ್ಟ್ ಓವೆನ್ಸ್ ಮತ್ತು ಡೀನರ್ ಗೆಡ್ಡೆಯ ಮೊಳಕೆಯ ರಸವನ್ನು ಪೊರೆಯ ಮೇಲೆ ಹನಿಸಿ, ವೈರಾಯ್ಡ್‌ಗೆ ಹೊಂದುವ ಡಿಎನ್‌ಎ ತುಣುಕಿನಿಂದ ಅದನ್ನು ಪತ್ತೆ ಹಚ್ಚಿದರು. ಕವಚವನ್ನು ಬಿಟ್ಟು ವಂಶವಾಹಿಯನ್ನೇ ಓದುವ ಯುಗ ಹೀಗೆ ಶುರುವಾಯಿತು. 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್, ಒಂದು ತುಣುಕನ್ನು ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ ಸೂಕ್ಷ್ಮತೆಯನ್ನು ಇನ್ನೊಂದು ಎತ್ತರಕ್ಕೆ ಒಯ್ದಿತು. ಲೋಳೆ ತುಂಬಿದ, ವೈರಸ್ ವಿರಳವಾದ ಕೊಕೊ ಎಲೆಯೂ ಆಗ ಮಣಿಯಿತು. ಆದರೆ ಪಿಸಿಆರ್‌ಗೆ ಬಿಸಿ ತಣಿ ಮಾಡುವ ಯಂತ್ರ ಬೇಕು, ಪರಿಣತರು ಬೇಕು. ಪರೀಕ್ಷೆ ನಗರ ಬಿಟ್ಟು ಕದಲಲಿಲ್ಲ.

ಹೊಲದತ್ತ ಅದನ್ನು ಎಳೆದು ತಂದವು ಮತ್ತೆರಡು ಹೆಜ್ಜೆಗಳು. ಪ್ರತಿಕಾಯಗಳನ್ನು ಕಾಗದದ ಪಟ್ಟಿಯ ಮೇಲೆ ಕೂರಿಸಿದ್ದರಿಂದ ಎಲೆ ಜಜ್ಜಿ ಹನಿ ಹಾಕಿದರೆ ನಿಮಿಷಗಳಲ್ಲಿ ಗೆರೆ ಮೂಡುವ ಪರೀಕ್ಷೆ ಬಂತು. 2000ದಲ್ಲಿ ಜಪಾನಿನ ನೊತೊಮಿ ಮತ್ತು ಸಂಗಡಿಗರು ಪ್ರಕಟಿಸಿದ ಲ್ಯಾಂಪ್ ವಿಧಾನ, ವಂಶವಾಹಿಯನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನ ಒಂದೇ ಬಿಸಿಯಲ್ಲಿ ಒಂದು ಗಂಟೆಯೊಳಗೆ ಹೆಚ್ಚಿಸಿ ತೋರಿಸಿತು. ಮೂರೇ ವರ್ಷದಲ್ಲಿ ಜಪಾನಿನ ಗೆಣಸಿನ ವೈರಸ್ಸಿಗೆ ಅದನ್ನು ಬಳಸಿದರು.

ಆದರೂ ಇವೆಲ್ಲಕ್ಕೂ ಯಾವ ವೈರಸ್ ಹುಡುಕುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು. 2011ರಲ್ಲಿ ಕೀನ್ಯಾದ ಬೊಮೆಟ್ ಸೀಮೆಯಲ್ಲಿ ಮೆಕ್ಕೆಜೋಳ ಸುಳಿಯಿಂದ ಒಣಗಿ ಸಾಯತೊಡಗಿದಾಗ ಅದೇ ಗೊತ್ತಿರಲಿಲ್ಲ. ಬ್ರಿಟನ್ನಿನ ಯಾರ್ಕ್ ಬಳಿಯ ಪ್ರಯೋಗಾಲಯ ಮಾದರಿಯಲ್ಲಿದ್ದ ವಂಶವಾಹಿಗಳನ್ನೆಲ್ಲ ಒಟ್ಟಿಗೆ ಓದಿ, ಎರಡು ವೈರಸ್‌ಗಳು ಜೊತೆಗೂಡಿ ಈ ಸಾವು ತಂದಿವೆ ಎಂದು ಹೇಳಿತು. ಅದರ ಬೆನ್ನಿಗೆ ಬೀಜ ಪರೀಕ್ಷೆಗಳೂ ಸಿದ್ಧವಾದವು. ಕೆಲವೇ ವರ್ಷಗಳಲ್ಲಿ ಲಾರಾ ಬಾಯ್ಕಿನ್ ಮತ್ತು ಪೂರ್ವ ಆಫ್ರಿಕಾದ ಅವರ ಸಹೋದ್ಯೋಗಿಗಳು ವಂಶವಾಹಿ ಓದುವ ಅಂಗೈಯಗಲದ ಯಂತ್ರವನ್ನು ಮರಗೆಣಸಿನ ಹೊಲಕ್ಕೇ ಒಯ್ದು, ಅದೇ ದಿನ ರೈತರಿಗೆ ಉತ್ತರ ಕೊಟ್ಟರು. ಇದರೊಂದಿಗೆ ಹೊಸ ವಾದವೂ ಹುಟ್ಟಿದೆ. ಎಲ್ಲವನ್ನೂ ಓದಿದರೆ ಗಿಡಕ್ಕೆ ತೊಂದರೆಯೇ ಮಾಡದ ವೈರಸ್‌ಗಳೂ ಕಾಣುತ್ತವೆ. ಕಂಡ ಮಾತ್ರಕ್ಕೆ ಸಸಿಗಳ ಸಾಗಣೆ ತಡೆಯಬೇಕೇ? ತಡೆಯಬೇಕೆನ್ನುವವರಿಗೆ ಎಚ್ಚರವೇ ಮುಖ್ಯ. ಬೇಡವೆನ್ನುವವರು ಹಾನಿಯ ಪುರಾವೆ ಕೇಳುತ್ತಾರೆ.

ಮೇಯರ್ ಕಾಲದ ವಾರಗಳು ಇಂದು ನಿಮಿಷಗಳಾಗಿವೆ. ಆದರೆ ಈ ಚರಿತ್ರೆಯುದ್ದಕ್ಕೂ ರೈತನ ಪಾಲಿಗೆ ಫಲ ಸಿಕ್ಕಿದ್ದು ಪರೀಕ್ಷೆಯ ಹಿಂದೆ ಒಂದು ವ್ಯವಸ್ಥೆ ನಿಂತಾಗ ಮಾತ್ರ. ಭಾರತ 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗೆ ಪ್ರಮಾಣೀಕರಣ ತಂದದ್ದು ಅಂಥ ಹೆಜ್ಜೆ. ಗೊಂಚಲು ತುದಿ ರೋಗದ್ದೂ ಸೇರಿ ನಾಲ್ಕು ವೈರಸ್‌ಗಳ ಪರೀಕ್ಷೆ ದಾಟಿದ ಬಾಳೆ ಸಸಿಯನ್ನು ರೈತ ಧೈರ್ಯವಾಗಿ ಕೊಳ್ಳಬಹುದು. ಅದೇ ಧೈರ್ಯ ಟೊಮೆಟೊ, ಮೆಣಸಿನಕಾಯಿ, ಪಪ್ಪಾಯ ಸಸಿಗಳನ್ನು ಟ್ರೇ ಲೆಕ್ಕದಲ್ಲಿ ಕೊಂಡೊಯ್ಯುವ ಕೋಲಾರ, ಬಳ್ಳಾರಿಯ ರೈತರಿಗೂ ಬೇಕು. ಪರೀಕ್ಷೆಯ ವಿದ್ಯೆ ನಮ್ಮಲ್ಲಿದೆ, ಅದನ್ನು ಕಲಿತ ಯುವಕರಿದ್ದಾರೆ, ಅಗ್ಗವಾಗಿಸಿದ ಹಿರಿಯರ ಮಾದರಿಯೂ ಇದೆ. ನರ್ಸರಿಯ ಬಾಗಿಲಲ್ಲೇ ಸಸಿ ಪರೀಕ್ಷೆಯಾಗಬೇಕು, ಸೋಂಕು ಕಂಡರೆ ನಷ್ಟ ತುಂಬಿಕೊಡುವವರು ಯಾರೆಂದು ಮೊದಲೇ ನಿಗದಿಯಾಗಿರಬೇಕು, ಫಲಿತಾಂಶ ರೈತನ ಭಾಷೆಯಲ್ಲಿ ಅವನ ಕೈಗೇ ಸಿಗಬೇಕು. ಇಷ್ಟನ್ನು ಮಾಡುವುದು ಈಗ ವಿಜ್ಞಾನಿಗಳ ಕೈಯಲ್ಲಿಲ್ಲ, ಆಡಳಿತದ ಕೈಯಲ್ಲಿದೆ.